ಕಣ್ಣು ಸಾರ್ ಅವರ ಒಂದು ಹೂಂ

ನಮ್ಮ ಸೋದರಮಾವ ಯಾವ ಕೋಣೆಗೂ ಸುಮ್ಮನೆ ನುಗ್ಗುವವರಲ್ಲ. ಬಾಗಿಲು ಇನ್ನೂ ಸ್ವಲ್ಪ ದೂರವಿರುವಾಗಲೇ ನಿಂತು, ಗಂಟಲಲ್ಲಿ ಏನೂ ಇಲ್ಲದಿದ್ದರೂ ಒಮ್ಮೆ ಕೆಮ್ಮಿ, ಒಳಗಿರುವವರು ಇವರ ವಿಷಯವೇನಾದರೂ ಮಾತಾಡುತ್ತಿದ್ದರೆ ಅದನ್ನು ನುಂಗಿಕೊಳ್ಳಲು ಬೇಕಾದಷ್ಟು ಪುರಸೊತ್ತು ಕೊಟ್ಟು, ಆಮೇಲೆ ಕಾಲಿಡುತ್ತಾರೆ. ಹೊರಡುವಾಗಲೂ ಅಷ್ಟೇ, ಕೊನೆಯವರು ಎದ್ದು ಹೋಗುವವರೆಗೆ ಕುರ್ಚಿ ಬಿಡುವುದಿಲ್ಲ. ಮೊದಲು ಎದ್ದವನ ಬೆನ್ನು ಬಾಗಿಲು ದಾಟುವ ಮುಂಚೆಯೇ ಅವನ ಕಥೆ ಶುರುವಾಗುತ್ತದೆ ಎಂಬುದು ಅವರ ಅನುಭವವೋ ಭಯವೋ, ನನಗಂತೂ ಇನ್ನೂ ಬಗೆಹರಿದಿಲ್ಲ.

"ಅಡುಗೆಮನೆಗೂ ಕೆಮ್ಮಿಕೊಂಡೇ ಬರ್ತಾರೆ ನೋಡೇ," ಎಂದು ಅತ್ತೆ ನಗುತ್ತಾರೆ. "ನಾನೇನು ಕುಕ್ಕರ್ ಹತ್ರ ಇವರ ಚಾಡಿ ಹೇಳ್ತಾ ಕೂತಿರ್ತೀನಾ?"

"ಹೇಳಿದ್ರೂ ಹೇಳ್ತೀಯ. ನಿನ್ನ ಕುಕ್ಕರ್ ಇಡೀ ಬೀದಿಗೆ ಕೇಳೋ ಹಾಗೆ ಕೂಗತ್ತೆ," ಎನ್ನುತ್ತಾರೆ ಮಾವ. ಆದರೆ ಅವರು ನಗುವುದಿಲ್ಲ.

ಕಾಲೇಜು ಸೇರಿದ ಮೇಲೆ ನಾನು ಇವರ ಮನೆಯಲ್ಲೇ ಇದ್ದೇನೆ, ಮತ್ತು ಇಷ್ಟು ಸ್ವಾರಸ್ಯದ ಮನುಷ್ಯನೊಬ್ಬ ದಿನಾ ನನ್ನ ಎದುರಿಗೇ ಕುಳಿತು ಊಟ ಮಾಡುತ್ತಾನಲ್ಲ ಎಂಬ ಖುಷಿ ನನಗೆ ಇಂದಿಗೂ ಹಳೆಯದಾಗಿಲ್ಲ. ಮಾವ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಶೇಡ್ ನೋಡುವವರು. ಗಿರಾಕಿ ಕೊಟ್ಟ ಅಂಗೈಯಗಲದ ತುಂಡನ್ನೂ ಬಣ್ಣದ ತೊಟ್ಟಿಯಿಂದ ಬಂದ ಹೊಸ ಬಟ್ಟೆಯನ್ನೂ ಕಿಟಕಿಯ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು, ಎರಡೂ ಒಂದೇ ಅನ್ನಿಸಿದರೆ "ಹೂಂ" ಅನ್ನುವುದು, ಅಷ್ಟೇ ಕೆಲಸ. ಆದರೆ ಆ ಒಂದು ಹೂಂಗೆ ಲಾರಿಗಟ್ಟಲೆ ಬಟ್ಟೆ ಹೊರಡುತ್ತದೆ. ತಾವು ತೊಟ್ಟಿದ್ದರ ಬಣ್ಣದ ಛಾಯೆ ನೋಡುವ ಬಟ್ಟೆಯ ಮೇಲೆ ಬೀಳಬಾರದೆಂದು ಅವರು ವರ್ಷವಿಡೀ ಬೂದಿ ಬಣ್ಣದ ಕೋಟನ್ನೇ ಹಾಕುತ್ತಾರೆ. ಅದನ್ನು ನೋಡಿ ನೋಡಿ ಆ ವಿಭಾಗದವರೆಲ್ಲ ಒಬ್ಬೊಬ್ಬರಾಗಿ ಬೂದಿ ಬಣ್ಣಕ್ಕೆ ತಿರುಗಿದ್ದಾರೆ. ಮೂಲೆಯಲ್ಲಿ ಬಣ್ಣ ಅಳೆಯುವ ಯಂತ್ರವೊಂದಿದೆ, ಅದರ ಮೇಲೆ ಜನ ಟೀ ಲೋಟ ಇಡುತ್ತಾರೆ. "ಕಣ್ಣು ಸಾರ್ ಇರೋವಾಗ ಅದನ್ನ ಯಾರು ಕೇಳ್ತಾರೆ?" ಎಂಬುದು ಅಲ್ಲಿಯ ಮಾತು. ಮಾವನಿಗೆ ಕಾರ್ಖಾನೆಯಲ್ಲಿ ಬೇರೆ ಹೆಸರೇ ಇಲ್ಲ.

ಈ ಹೆಸರನ್ನು ಅವರು ಗಾಜಿನ ಲೋಟದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಾರೆ. ಅವಸರದಲ್ಲಿ ಎಂದೂ ಉತ್ತರ ಕೊಡುವುದಿಲ್ಲ. ಬಟ್ಟೆಯನ್ನು ತಿರುಗಿಸಿ, ಮಡಿಸಿ, ಕಿಟಕಿಯಿಂದ ಹಿಂದೆ ಸರಿದು, ಸುತ್ತಲಿನವರ ಉಸಿರು ನಿಲ್ಲುವವರೆಗೂ ಕಾಯಿಸಿ, ಆಮೇಲೆ ಪಕ್ಕದಲ್ಲಿರುವ ಸಹಾಯಕಿಯನ್ನು ಕೇಳುತ್ತಾರೆ, "ನಿಮಗೇನನ್ಸತ್ತಮ್ಮ?" ಇಷ್ಟು ದೊಡ್ಡವರು ಕೈಕೆಳಗಿನವರನ್ನು ಕೇಳುತ್ತಾರಲ್ಲ ಎಂದು ಅದಕ್ಕೂ ಒಂದು ಹೆಸರು ಬಂತು, ದೊಡ್ಡ ಗುಣದವರು ಅಂತ.

ಆದರೆ ಮನೆಯ ಬಾಲ್ಕನಿಯಲ್ಲಿ ಒಂದು ಬೆಳಿಗ್ಗೆ ಅವರು ಹಗ್ಗದ ಮೇಲಿನ ಟವೆಲ್ ತೋರಿಸಿ, "ಅದು ನೀಲಿ ಅಲ್ವೇನೇ?" ಎಂದರು.

"ಹಸಿರು ಮಾವ."

"ಗೊತ್ತು, ನೀನು ಹೇಳ್ತೀಯಾ ಅಂತ ನೋಡ್ದೆ."

ಆಟವೆಂದುಕೊಂಡು ನಾನೂ ಕುಣಿದೆ. ಎದುರುಮನೆಯ ಬಾಗಿಲು, ರಸ್ತೆಯ ಬಸ್ಸು, ನನ್ನ ಬ್ಯಾಗು, ದಿನಾ ಒಂದೊಂದನ್ನು ಕೇಳುತ್ತಿದ್ದರು. ಒಂದು ದಿನ ನಾನು ಉತ್ತರ ಹೇಳುವಾಗ ಅವರ ಕೈ ಕಂಬಿಯನ್ನು ಹಿಡಿದಿದ್ದ ರೀತಿ ನೋಡಿದೆ, ಬೆರಳಗಂಟುಗಳು ಬೆಳ್ಳಗಾಗಿದ್ದವು. ಅವತ್ತಿನಿಂದ ಅದು ಆಟವಾಗಿ ಉಳಿಯಲಿಲ್ಲ.

ಅತ್ತೆಗೂ ಗೊತ್ತಿತ್ತು. "ಪೊರೆ ಇರಬೇಕು ರೀ, ಹೋಗಿ ತೋರಿಸ್ಕೊಳ್ಳಿ. ಈಗೆಲ್ಲ ಒಂದೇ ದಿನದಲ್ಲಿ ತೆಗೀತಾರೆ."

"ಕಣ್ಣಾಸ್ಪತ್ರೆ ಬಾಗಿಲಲ್ಲಿ ನಮ್ಮವರು ಯಾರಾದ್ರೂ ನೋಡಿದ್ರೆ? ಕಣ್ಣಿಗೆ ಬಂದ ಪೊರೆ ತೆಗೀಬಹುದು ಕಣೇ, ಹೆಸರಿಗೆ ಬಂದ್ರೆ ಯಾವ ಡಾಕ್ಟರ್ ತೆಗೀತಾನೆ?"

ಕಾಲೇಜಿನ ಪ್ರಾಜೆಕ್ಟಿನ ನೆಪದಲ್ಲಿ ನಾನು ಕಾರ್ಖಾನೆಯಲ್ಲಿ ಅವರ ಕೋಣೆಯಲ್ಲಿ ಕುಳಿತಿದ್ದ ದಿನವೇ ಅದು ನಡೆಯಿತು. ಶಾಲಾ ಸಮವಸ್ತ್ರದ ವ್ಯಾಪಾರಿಯೊಬ್ಬರು, ಹಿಂದೆ ಮ್ಯಾನೇಜರು, ಇಬ್ಬರೂ ಬಂದು ಒಂದು ಕೋಟನ್ನೂ ಒಂದು ಪ್ಯಾಂಟನ್ನೂ ಮೇಜಿನ ಮೇಲೆ ಹಾಸಿದರು. ಎರಡೂ ಮಾವ ಹೂಂ ಅಂದಿದ್ದ ಬಟ್ಟೆಗಳು. ಎರಡೂ ಕಡುನೀಲಿ ಇರಬೇಕಿತ್ತು.

"ನಮ್ಮ ಟೈಲರು ಬಣ್ಣ ಬೇರೆ ಬೇರೆ ಅಂತಾನೆ. ನಂಗೂ ಹಂಗೇ ಅನ್ಸತ್ತೆ ಸಾರ್. ಹೊಲಿಗೆ ನಿಲ್ಸಿ ಬಂದಿದೀನಿ," ಎಂದರು ವ್ಯಾಪಾರಿ.

ನನ್ನ ಸಾಧಾರಣ ಕಣ್ಣಿಗೇ ಕಾಣುತ್ತಿತ್ತು. ಒಂದು ನೀಲಿ, ಇನ್ನೊಂದು ಪಾಚಿ ಕಟ್ಟಿದ ನೀರಿನ ಹಾಗೆ. ಮ್ಯಾನೇಜರು ಮಾವನನ್ನು ಕೇಳುವ ಧೈರ್ಯವಿಲ್ಲದೆ ಸಹಾಯಕಿಯ ಕಡೆ ತಿರುಗಿ, "ಅವತ್ತು ಜೊತೆಗಿದ್ದದ್ದು ನೀವೇ ಅಲ್ವೇನಮ್ಮ?" ಎಂದರು. ಆಕೆ ಮಾವನ ಕಡೆ ನೋಡಿದರು. ಮಾವ ಸುಮ್ಮನಿದ್ದಿದ್ದರೆ ಸಾಕಿತ್ತು, ಆಕೆಯ ಕೆಲಸ ಹೋಗುತ್ತಿತ್ತು, ಇವರ ಹೆಸರು ಉಳಿಯುತ್ತಿತ್ತು. ಅವರು ಬಟ್ಟೆಯನ್ನು ಮುಟ್ಟಲೂ ಇಲ್ಲ, ಕಾಯಿಸಲೂ ಇಲ್ಲ.

"ಅವರನ್ನ ಕೇಳಬೇಡಿ. ನನಗೆ ಎರಡೂ ಒಂದೇ ಥರ ಕಾಣ್ತಿವೆ," ಎಂದರು.

ಆ ಮಾತು ಆಡಲು ಅವರು ಏನನ್ನು ಕೈಬಿಟ್ಟರು ಎಂಬುದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ವ್ಯಾಪಾರಿ ಬಟ್ಟೆಗಳನ್ನು ಕಿಟಕಿಗೆ ಒಯ್ದರು, ಆ ಕಡೆ ಈ ಕಡೆ ತಿರುಗಿಸಿದರು, ಕಣ್ಣುಜ್ಜಿಕೊಂಡರು. ಆಮೇಲೆ ನಕ್ಕುಬಿಟ್ಟರು.

"ನೀವೇ ಒಂದೇ ಅಂದ್ಮೇಲೆ ಮುಗೀತು. ಟೈಲರ್ ಕಣ್ಣು ಕೆಟ್ಟಿರಬೇಕು. ನಂದೂ ಕೆಟ್ಟಿದ್ಯೋ ಏನೋ."

"ಹಾಗಲ್ಲ, ನಾನು ಹೇಳಿದ್ದು... ನನ್ನ ಕಣ್ಣು..."

"ನಿಮ್ಮ ಕಣ್ಣಿನ ಬಗ್ಗೆ ಎರಡನೇ ಮಾತೇ ಇಲ್ಲ ಬಿಡಿ ಸಾರ್."

ಮ್ಯಾನೇಜರು ವ್ಯಾಪಾರಿಯ ಹೆಗಲ ಮೇಲೆ ಕೈಹಾಕಿ ಟೀ ಕುಡಿಸಲು ಕರೆದುಕೊಂಡು ಹೋದರು. ಮಾವ ಕುರ್ಚಿಯಿಂದ ಅರ್ಧ ಎದ್ದರು, ಬಾಯಿ ತೆರೆದರು, ಮತ್ತೆ ಕುಳಿತರು. ಕೋಟು ಪ್ಯಾಂಟು ಕಿಟಕಿಯ ಹತ್ತಿರವೇ ಬಿದ್ದಿದ್ದವು.

"ಯಾವುದಮ್ಮ ಹಸಿರಿಗೆ ತಿರುಗಿರೋದು?" ಎಂದು ಸಹಾಯಕಿಯನ್ನು ಕೇಳಿದರು.

"ಪ್ಯಾಂಟು ಸಾರ್."

"ಅವತ್ತು ಕಾಣ್ಲಿಲ್ವಾ ನಿಮಗೆ?"

"ನಾನು ಬಟ್ಟೆ ನೋಡ್ಲೇ ಇಲ್ಲ ಸಾರ್. ನಿಮ್ಮ ಮುಖ ನೋಡಿ ಪರವಾಗಿಲ್ಲ ಅಂದೆ."

ಮಾವ ಅಂಗೈಯಿಂದ ಹಣೆ ಒತ್ತಿಕೊಂಡರು. "ನಾನು ನಿಮ್ಮ ಮುಖ ನೋಡ್ತಿದ್ದೆ."

ಸಂಜೆ ಬಸ್ಸಿನಲ್ಲಿ ಅವರು ಕಿಟಕಿಯ ಕಡೆಗೆ ತಿರುಗಿಯೇ ಕುಳಿತಿದ್ದರು. "ಶಾಲೆ ಶುರುವಾದ ದಿನ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತ್ಕೋತಾರೆ ಕಣೇ. ಎಲ್ರಿಗೂ ಕಾಣತ್ತೆ."

"ನಾಳೆ ಬೆಳಿಗ್ಗೇನೇ ಬಿಡಿಸಿ ಹೇಳ್ಬಿಡಿ ಮಾವ."

"ಹೇಳ್ತೀನಿ. ಇವತ್ತೂ ಹೇಳ್ದೆ ತಾನೆ?"

ಹೆಸರನ್ನು ಜೋಪಾನ ಮಾಡುವ ಜನರದೇ ಒಂದು ಪಂಗಡವಿದೆ, ನಮ್ಮ ಮಾವ ಅದರಲ್ಲಿ ಅತ್ಯಂತ ಒಳ್ಳೆಯವರು ಎಂದು ನಾನು ಈಗಲೂ ಹಟ ಹಿಡಿದು ಹೇಳುತ್ತೇನೆ. ಇವರೆಲ್ಲ ಹೆಸರನ್ನು ನಾಯಿಮರಿಯಂತೆ ಮನೆಗೆ ತರುತ್ತಾರೆ, ತಮ್ಮ ತಟ್ಟೆಯದನ್ನೇ ಹಾಕಿ ಸಾಕುತ್ತಾರೆ, ಯಾರೂ ಅದಕ್ಕೆ ಕಲ್ಲೆಸೆಯದಂತೆ ಹಗಲೂ ರಾತ್ರಿ ಕಾಯುತ್ತಾರೆ. ಅದು ಬೆಳೆಯುತ್ತದೆ. ಬೆಳೆದು ಹೊಸ್ತಿಲ ಮೇಲೆ ಅಡ್ಡ ಮಲಗಿ ಬಂದುಹೋಗುವವರನ್ನೆಲ್ಲ ಹೆದರಿಸುತ್ತದೆ. ಕೊನೆಗೆ ಒಂದು ದಿನ, ಬರಿಗೈಯಲ್ಲಿ, ಬರೀ ಮನುಷ್ಯನಾಗಿ ಹೊರಗೆ ಹೋಗಿ ಬರೋಣವೆಂದು ಯಜಮಾನನೇ ಹೊಸ್ತಿಲಿಗೆ ಬಂದರೆ, ತಲೆಯೆತ್ತಿ ಅವನನ್ನು ನೋಡುತ್ತದೆ, ಗುರುತೂ ಹಿಡಿಯುತ್ತದೆ, ಆದರೂ ದಾರಿ ಬಿಡುವುದಿಲ್ಲ.