ಗ್ರಿಸೆಲ್ ಅಜ್ಜಿಯ ಮೇಣದ ತಲೆ

ಮೇಣದ ತಲೆಗೆ ಕೂದಲು ನೆಡುವುದು ನನ್ನ ಕೆಲಸ. ಒಂದೊಂದೇ ಎಳೆ, ಬಿಸಿ ಸೂಜಿಯಲ್ಲಿ. ಕಡಿದ ತಲೆಗಳು ರಾಜನಿಗೇ ಬುದ್ಧಿ ಹೇಳುವಂಥ ಕಥೆಗಳನ್ನು ನಮ್ಮಜ್ಜಿಯಿಂದ ಕೇಳಿ ಬೆಳೆದವಳು ನಾನು, ಹಾಗಾಗಿ ನೆಡುತ್ತ ನೆಡುತ್ತ ಅವುಗಳ ಜೊತೆ ಮಾತಾಡುವುದೂ ಉಂಟು. ಆ ಬುಧವಾರ ನನ್ನ ತೊಡೆಯ ಮೇಲಿದ್ದದ್ದು ಗ್ರಿಸೆಲ್ ಅಜ್ಜಿಯ ತಲೆ. ಎದುರಿಗೆ ಕೂತು ಚಹಾ ಹೀರುತ್ತ ಅದನ್ನೇ ದಿಟ್ಟಿಸುತ್ತಿದ್ದವರು ಆ ಪಾತ್ರ ಮಾಡುವ ಡಿಲಿಸ್ ಪ್ರೊಸ್ಸರ್.

“ನನ್ನ ಮೂಗು ಇಷ್ಟು ದಪ್ಪ ಇದೆಯೇನೇ ಪುಟ್ಟಿ?”

“ಅಚ್ಚು ತೆಗ್ದಿದ್ದು ನಿಮ್ಮ ಮುಖದಿಂದಾನೇ, ಮೇಡಂ.”

“ಹಂಗಾದ್ರೆ ಕಡಿಯೋದೇ ಸರಿ ಬಿಡು.”

ನಗುತ್ತಲೇ ಹೇಳಿದರು, ಆದರೆ ಚಹಾ ಅರ್ಧಕ್ಕೇ ಬಿಟ್ಟರು. ಐನೂರು ವರ್ಷದ ಹಿಂದೆ ಇಂಗ್ಲೆಂಡನ್ನಾಳಿದ ಟ್ಯೂಡರ್ ರಾಜರ ಕಾಲದ ಕೋಟೆಯೊಂದರ ಕಥೆ ನಮ್ಮ ಟೀವಿ ಹಾಸ್ಯ ಧಾರಾವಾಹಿ. ಅದರ ನಾಯಕ ಮಾರ್ಲ್‌ಬಿ ಪ್ರಭು, ಅಂದರೆ ನಟ ಪೆರೆಗ್ರಿನ್ ಹಾಲ್ಟ್. ಪಾಪ, ಒಂದು ನಗು ಗಿಟ್ಟಿಸಲು ಅವರು ಕುದುರೆಯಿಂದ ಬೀಳಬೇಕು. ಕೋಟೆಯ ಬಟ್ಟೆ ಒಗೆಯುವ ಗ್ರಿಸೆಲ್ ಅಜ್ಜಿ ಸುಮ್ಮನೆ ಬಕೆಟ್ ಕೆಳಗಿಟ್ಟರೂ ಜನ ಬಿದ್ದು ಬಿದ್ದು ನಗುತ್ತಾರೆ. ಐದು ವರ್ಷ ಸಹಿಸಿದ ಪೆರೆಗ್ರಿನ್, ಈ ವರ್ಷದ ಕೊನೆಯ ಕಂತಿನಲ್ಲಿ ಪ್ರಭು ಅಜ್ಜಿಯ ತಲೆ ತೆಗೆಸುವ ಹಾಗೆ ಬರೆಸಿಕೊಂಡಿದ್ದರು. ತಲೆ ಹೋದವರಿಗೆ ಮುಂದಿನ ವರ್ಷ ಕೆಲಸವಿಲ್ಲ.

“ಎಪ್ಪತ್ತೊಂದು ನಂಗೆ. ಇನ್ನು ಕರೆದ್ರೆ ಹೆಣದ ಪಾತ್ರಕ್ಕೆ ಕರೀಬೇಕು. ಹೆಣಕ್ಕೆ ಮಾತೂ ಇರಲ್ಲ, ಬಿಸಿ ಚಹಾನೂ ಇರಲ್ಲ,” ಎಂದರು ಡಿಲಿಸ್.

ಆ ಮಧ್ಯಾಹ್ನ ಕ್ಯಾಂಟೀನಿನ ಬಾಗಿಲಲ್ಲಿ ಮಾಮೂಲಿ ನಾಟಕ. ಪೆರೆಗ್ರಿನ್, ಡಿಲಿಸ್ ಇಬ್ಬರಿಗೂ ಪರಸ್ಪರ ಕಂಡರಾಗದು, ಆದರೂ ಮರ್ಯಾದೆ ಬಿಡಬಾರದಲ್ಲ.

“ನೀವು ಮೊದಲು, ಡಿಲಿಸ್.”

“ಛೆ ಛೆ, ನೀವು.”

“ಎಲ್ಲಾದರೂ ಉಂಟೇ, ನೀವು.”

“ಇಲ್ಲಪ್ಪ, ನೀವೇ.”

“ಹೆಂಗಸರು ಮೊದಲು.”

“ನಾನು ಒಪ್ಪೋದೇ ಇಲ್ಲ, ನೀವೇ.”

ಮೂರನೇ ಸಲಕ್ಕೆ ಪೆರೆಗ್ರಿನ್ ತಲೆ ಬಾಗಿಸಿ ಒಳಗೆ ಹೋದರು. ಮೂರು ಸಲ ಹೇಳಿಸಿಕೊಂಡ ಮೇಲೂ ನಿಂತರೆ ಒರಟುತನವೆಂದು ಅವರ ಶಾಲೆಯಲ್ಲಿ ಬೆತ್ತ ಹಿಡಿದು ಕಲಿಸಿದ್ದರಂತೆ. ಹಿಂದೆ ನಿಂತ ನಮ್ಮ ಪಾಲಿನ ಕಡುಬು ಅಷ್ಟರಲ್ಲಿ ತಣ್ಣಗಾಗಿತ್ತು. ಡಿಲಿಸ್ ಮಾತ್ರ ಅವರ ಬಾಗಿದ ಕುತ್ತಿಗೆಯನ್ನು ಯೋಚಿಸುತ್ತ ನೋಡುತ್ತಿದ್ದರು.

ಶುಕ್ರವಾರ ಸಂಜೆ ಮುನ್ನೂರು ಜನರೆದುರು ಚಿತ್ರೀಕರಣ. ಅವರ ನಗುವೇ ಟೀವಿಯಲ್ಲೂ ಕೇಳುವುದು. ಒಂದು ದೃಶ್ಯವನ್ನು ಎರಡನೇ ಸಲ ತೆಗೆದರೆ ಜನಕ್ಕೆ ಹಾಸ್ಯ ಗೊತ್ತಾಗಿರುತ್ತದೆ. ನಗು ಹಳಸಿದ ಗಂಜಿಯಂತೆ ಬರುತ್ತದೆ. ಅದಕ್ಕೇ ಚಿತ್ರೀಕರಣ ನಡುವೆ ನಿಲ್ಲಿಸಿದವರನ್ನು ಯಾರೂ ಕ್ಷಮಿಸುವುದಿಲ್ಲ. ಇಪ್ಪತ್ತು ವರ್ಷದ ನಟನೆಯಲ್ಲಿ ತಾನು ಒಮ್ಮೆಯೂ ನಿಲ್ಲಿಸಿದವನಲ್ಲ ಎಂಬುದು ಪೆರೆಗ್ರಿನ್‌ರ ಹೆಮ್ಮೆ.

ವಧೆಯ ಕಟ್ಟೆಯ ಮೇಲೆ ಕುತ್ತಿಗೆ ಇಡುವ ಕೊರಡು, ಜನರ ಕಡೆಗೆ ಮೊಣಕಾಲೆತ್ತರದ ಬೇಲಿ, ಅದರ ಮರೆಯಲ್ಲಿ ನನ್ನ ಮೇಣದ ತಲೆ. ತಲೆ ಕಡಿಯುವವನ ಪಾತ್ರದ ಸ್ಟಾನ್ಲಿಗೆ ಮುಸುಕಿನೊಳಗಿಂದ ಏನೂ ಕಾಣದು. ಮೊಣಕಾಲೂರಿದ ಸದ್ದಾದರೆ ರಟ್ಟಿನ ಕೊಡಲಿ ಇಳಿಸುವುದು, ಆಮೇಲೆ ತಲೆಯನ್ನು ಒದೆಯುವುದು, ಇಷ್ಟೇ ಅವನ ಪಾಠ.

ಡಿಲಿಸ್ ಕೊರಡಿನ ಬಳಿ ಬಂದರು. ನಿಂತರು. ಸೊಂಟಕ್ಕೆ ಕಟ್ಟಿದ ಏಪ್ರನ್ನನ್ನು ಸೆರಗಿನಂತೆ ಸರಿಪಡಿಸಿಕೊಂಡು ಪಕ್ಕಕ್ಕೆ ಸರಿದರು.

“ಪ್ರಭುಗಳೇ, ನೀವು ಮೊದಲು.”

ಪೆರೆಗ್ರಿನ್ ಕಣ್ಣರಳಿಸಿದರು. ಬರೆದುಕೊಟ್ಟ ಪಾಠದಲ್ಲಿಲ್ಲದ ಮಾತು. ನಿಲ್ಲಿಸುವಂತಿಲ್ಲ. “ನೀನು ಮೊದಲು, ಮುದುಕಿ.”

“ಒಗೆಯೋಳು ಒಡೆಯರಿಗಿಂತ ಮುಂದೆ ಹೋಗೋದುಂಟಾ? ನೀವು.”

“ಇಲ್ಲ ಇಲ್ಲ, ನೀನು.” ಜನ ಆಗಲೇ ನಗತೊಡಗಿದ್ದರು.

“ನಾನು ಒಪ್ಪೋದೇ ಇಲ್ಲ, ನೀವೇ.”

ಮೂರಾಯಿತು. ಬೆತ್ತ ಕಲಿಸಿದ ಪಾಠ ಮೈಯಲ್ಲೇ ಇತ್ತೋ ಏನೋ, ಪೆರೆಗ್ರಿನ್ ತಲೆ ಬಾಗಿಸಿ ಮುಂದೆ ಹೋದರು. ಮುಂದೆ ಬಾಗಿಲಿರಲಿಲ್ಲ, ಕೊರಡಿತ್ತು. ಮುನ್ನೂರು ಜನ ಕಾಯುತ್ತಿದ್ದರು. ಬೇರೇನೂ ತೋಚದೆ ಮೊಣಕಾಲೂರಿದರು. ಸದ್ದಾಯಿತು. ಸ್ಟಾನ್ಲಿ ಕೊಡಲಿ ಇಳಿಸಿದ, ಒದ್ದ. ಗ್ರಿಸೆಲ್ ಅಜ್ಜಿಯ ತಲೆ ಟೋಪಿ ಸಮೇತ ಉರುಳಿ ಬಂದು ಗ್ರಿಸೆಲ್ ಅಜ್ಜಿಯ ಕಾಲ ಬಳಿಯೇ ನಿಂತಿತು.

ಡಿಲಿಸ್ ಅದನ್ನೆತ್ತಿ ಹಿಂದೆ ಮುಂದೆ ನೋಡಿದರು. “ಸಾಯೋವಾಗ್ಲೂ ನನ್ನ ಮೂಗೇ ಬೇಕಾಯ್ತು ಇವ್ನಿಗೆ.” ನಗು ತಗ್ಗುವ ತನಕ ಕಾದು, ಪ್ರಭು ಹೇಳಬೇಕಿದ್ದ ಕೊನೆಯ ಮಾತನ್ನು ತಾವೇ ಹೇಳಿದರು: “ಅಂತೂ ಬಾಯಿ ಮುಚ್ಚಿತು.”

ನಿರ್ದೇಶಕರು ಪಾಠದಲ್ಲಿದ್ದಂತೆ ಇನ್ನೊಮ್ಮೆ ತೆಗೆದರು. ಡಿಲಿಸ್ ವಿಧೇಯರಾಗಿ ತಲೆ ಕೊಟ್ಟರು. ನಗುವ ಬದಲು ಯಾರೋ ಇಬ್ಬರು ಕೆಮ್ಮಿದರು. ಮೊದಲನೆಯದೇ ಉಳಿಯಿತು, ಪ್ರಭು ಸತ್ತ, ಕೋಟೆ ಅಜ್ಜಿಯ ಪಾಲಾಯಿತು.

ಸೋಮವಾರ ಬರಹಗಾರರು ಡಿಲಿಸ್‌ರನ್ನು ಕೇಳಿದರು, ಪೆರೆಗ್ರಿನ್‌ರನ್ನು ಏನು ಮಾಡುವುದೆಂದು.

“ಸತ್ತವನಿಗೆ ಅದೇ ಮುಖದ ಒಬ್ಬ ತಮ್ಮನ್ನ ಹುಟ್ಟಿಸಿ. ಕುದುರೆಯಿಂದ ಬೀಳೋಕೆ ಒಬ್ರು ಬೇಕಲ್ಲ.”

ಮಧ್ಯಾಹ್ನ ಕ್ಯಾಂಟೀನಿನ ಬಾಗಿಲಲ್ಲಿ ಪೆರೆಗ್ರಿನ್ ನಿಂತಿದ್ದರು.

“ನೀವು ಮೊದಲು,” ಎಂದರು ಡಿಲಿಸ್. ಮೂರು ಸಲ ಹೇಳಿದರು. ಪೆರೆಗ್ರಿನ್ ಕುತ್ತಿಗೆ ಹಿಡಿದುಕೊಂಡು ಗೋಡೆಗೆ ಒರಗಿಬಿಟ್ಟರು.

ಡಿಲಿಸ್ ಒಳಗೆ ಹೋಗಿ, ಉಳಿದಿದ್ದ ಒಂದೇ ಒಂದು ಬಿಸಿ ಕಡುಬು ಎತ್ತಿಕೊಂಡರು.