ಹಿತ್ತಾಳೆ ಎಂಜಿನ್ನಿಗೊಂದು ಜೋಡಿ

ನರೇಗಲ್ಲಿನ ಅರಳೆ ಗಿರಣಿಯ ಫಿಟ್ಟರ್ ಈಶಪ್ಪನಿಗೆ ಹುಚ್ಚು ಹಿಡಿದದ್ದು ಹೊಳೆಆಲೂರು ಸ್ಟೇಷನ್ನಿನಲ್ಲಿ. ಬೀಗರನ್ನು ರೈಲು ಹತ್ತಿಸಲು ಹೋದವನು ಎಂಜಿನ್ನನ್ನು ತಲೆಯಲ್ಲಿ ತುಂಬಿಕೊಂಡು ಬಂದ. ಸ್ವಾತಂತ್ರ್ಯ ಬಂದ ವರ್ಷ ಅರ ಹಿಡಿದು ಕೂತವನು ಏಕೀಕರಣವಾದ ವರ್ಷ ಎದ್ದ. ಎದುರಿಗೆ ಮೊಳದುದ್ದದ ಹಿತ್ತಾಳೆಯ ಉಗಿ ಎಂಜಿನ್ನು. ಚಿಮಣಿ, ಗಾಲಿ, ಸಿಳ್ಳೆ ಎಲ್ಲ ಕೈಯಿಂದಲೇ ಮಾಡಿದ್ದು. ಅಂಥದು ಮುಂಬಯಿಯಲ್ಲೂ ಇತ್ತೋ ಇಲ್ಲವೋ. ಊರಿನ ಒಬ್ಬ ಪುಣ್ಯಾತ್ಮನೂ ಚಲೋ ಅನ್ನಲಿಲ್ಲ. ಇದರಲ್ಲಿ ಏನು ಬೇಯಿಸುತ್ತೀ ಎಂದು ಕೇಳಿ ಹೋದರು.

ಹೆಂಡತಿ ಚನ್ನವ್ವನಿಗಂತೂ ಅದನ್ನು ಕಂಡರೆ ಮೈಯೆಲ್ಲ ಉರಿ. ಉರಿಯದೆ ಏನಾದೀತು? ತವರಿನಿಂದ ತಂದ ಹಿತ್ತಾಳೆ ಕೊಡ, ತಂಬಿಗೆ, ಪರಾತ ಒಂದೊಂದಾಗಿ ಕರಗಿ ಅದರ ಹೊಟ್ಟೆ ಸೇರಿದ್ದವು. ಉಳಿದದ್ದು ಬಚ್ಚಲಿನ ತಾಮ್ರದ ಹಂಡೆಯೊಂದೇ. ಕೊನೆಗೆ ಅವಳು ತೀರ್ಮಾನ ಹೇಳಿದಳು. ಸೋಮವಾರ ಅಪ್ಪ ಬರುತ್ತಾನೆ. ಅವನು ಚಲೋ ಅಂದರೆ ತಾನು ತುಟಿ ಬಿಚ್ಚುವುದಿಲ್ಲ. ಅನ್ನದಿದ್ದರೆ ಅವನು ಬಂದ ಚಕ್ಕಡಿಯಲ್ಲೇ ತವರಿಗೆ.

ಈಶಪ್ಪನ ಮಾವ ಅಬ್ಬಿಗೇರಿ ಹೂವಪ್ಪನೆಂದರೆ ಎತ್ತಿನ ಪರೀಕ್ಷೆಯಲ್ಲಿ ಎತ್ತಿದ ಕೈ. ಎತ್ತು ಬಿಟ್ಟು ಅವನು ಬೇರೇನನ್ನೂ ನೋಡಿದವನಲ್ಲ. ಮಗಳಿಗೆ ಗಂಡು ನೋಡಲು ಬಂದಾಗಲೂ ಈಶಪ್ಪನ ಹಲ್ಲನ್ನೇ ನೋಡಿದ್ದ.

ಸೋಮವಾರ ಬಂದವನು ಎಂಜಿನ್ನಿನ ಮೂತಿ ಹಿಡಿದೆತ್ತಿ ಹಲ್ಲು ಹುಡುಕಿದ. ಹಣೆಯಲ್ಲಿ, ಬೆನ್ನಿನಲ್ಲಿ ಕೆಟ್ಟ ಸುಳಿ ಇದೆಯೇ ಎಂದು ನೋಡಿದ. ಈಶಪ್ಪ ಉರಿ ಹೊತ್ತಿಸಿದ. ನೀರು ಕುದಿದು, ಎಂಜಿನ್ನು ಸಿಳ್ಳೆ ಹಾಕಿ ಪಡಸಾಲೆಯುದ್ದಕ್ಕೂ ಓಡಿತು. ಹೂವಪ್ಪ ಅದರ ಬೆನ್ನು ಚಪ್ಪರಿಸಿದ, ಅಂಗೈ ಚುರ್ರೆಂದಿತು. ಸಿಟ್ಟಿದ್ದ ಜಾತಿಯೇ ದುಡಿಯುವುದು ಎಂದು ತಲೆದೂಗಿದ.

"ಚಲೋ ಐತಿ," ಅಂದ.

ಈಶಪ್ಪನಿಗೆ ಅಳುವೇ ಬಂತು. ಇಷ್ಟು ವರ್ಷ ಆ ಒಂದು ಮಾತಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದ. ಆದರೆ ಮಾವ ಅಲ್ಲಿಗೇ ನಿಲ್ಲಿಸದೆ ಅತ್ತಿತ್ತ ನೋಡಿ ಕೇಳಿದ: "ಇದರ ಜೋಡಿ ಎಲ್ಲೈತಿ?"

ಒಂದೇ ಇರುವುದು ಎಂದ ಈಶಪ್ಪ.

"ಒಂಟಿ ಎತ್ತು ಕಟ್ಟಿ ಹೊಲಾ ಹೂಡಿದವನ್ನ ನಾ ಕಂಡಿಲ್ಲ, ಅಳಿಯಂದ್ರ. ಇಂಥಾ ಜೀವಕ್ಕ ಜೋಡಿ ಇಲ್ಲದ ಇಟ್ಟರ ಪಾಪ ಬರತೈತಿ."

ಈಶಪ್ಪನಿಗೆ ಅದೆಷ್ಟು ಸರಿ ಕಂಡಿತೆಂದರೆ, ಕಣ್ಣು ತಾನಾಗಿಯೇ ಬಚ್ಚಲಿನ ಕಡೆ ಹೊರಳಿತು. ಚನ್ನವ್ವ ಅದನ್ನು ನೋಡಿದಳು. ತುಟಿ ಬಿಚ್ಚೆನೆಂದಿದ್ದವಳು ಬಿಚ್ಚಿದಳು.

"ಯಪ್ಪಾ, ನಮ್ಮ ಹಂಡೆ ತಾಮ್ರದ್ದು. ಜೋಡಿ ಅಂದಮ್ಯಾಲ ಬಣ್ಣ ಕೂಡಬೇಕಲ್ಲ? ಹಿತ್ತಾಳಿ ಹಂಡೆ ಇರೂದು ನಿನ್ನ ಮನ್ಯಾಗ."

ಬಣ್ಣ ಕೂಡದ ಜೋಡಿಗೆ ಹೂವಪ್ಪ ಜನ್ಮದಲ್ಲಿ ಹೂಂ ಅಂದವನಲ್ಲ. ಇವತ್ತು ಅಂದರೆ ದನದ ಸಂತೆಯಲ್ಲಿ ಮುಖ ತೋರಿಸುವುದು ಹೇಗೆ? ಮಗಳ ಮಾತು ಖರೇ ಎಂದು ಗೊಣಗಿ ಚಕ್ಕಡಿ ಹತ್ತಿದ.

ಮರುದಿನ ಆ ಚಕ್ಕಡಿ ತಿರುಗಿ ಬಂತು. ಹಿತ್ತಾಳೆ ಹಂಡೆ ಅದರಲ್ಲಿತ್ತು. ಹಂಡೆಯನ್ನು ತಬ್ಬಿಕೊಂಡು ಅತ್ತೆ ಶೇಖವ್ವ, ಪಕ್ಕದಲ್ಲಿ ಅವಳ ಸೀರೆಗಂಟು. ಹಂಡೆ ತನ್ನ ತವರಿನದು, ಅದು ಹೋದಲ್ಲಿಗೆ ತಾನೂ ಎಂದು ಗಂಡನಿಗೆ ಹೇಳಿಯೇ ಬಂದಿದ್ದಳು. ಇಳಿದವಳು ಪಡಸಾಲೆಯಲ್ಲಿ ಹಂಡೆಗೆ ಒರಗಿ ಕೂತಳು, ಮಲಗುವುದೂ ಹಾಗೆಯೇ. ಈಶಪ್ಪ ಅರ ಹಿಡಿದು ಎದುರಿಗೆ ಕಾಯುತ್ತ ಕೂತ.

ಜೋಡಿಯಿಲ್ಲದೆ ಇಟ್ಟರೆ ಪಾಪ ಎಂದಿದ್ದ ಹೂವಪ್ಪ ಅಬ್ಬಿಗೇರಿಯಲ್ಲಿ ಒಬ್ಬನೇ ಒಲೆ ಊದುತ್ತಿದ್ದ.