ಫುಲ್ ಲೋಡ್ ಟೆಸ್ಟಿಂಗು

ನಮ್ಮ ಯಜಮಾನರಿಗೆ ಈ ಜಗತ್ತಿನಲ್ಲಿ ಗೊತ್ತಿರುವುದು ಎರಡೇ ಜಾತಿ: ಓಡುವ ಪಂಪು, ಕೆಟ್ಟ ಪಂಪು. ನೀರು ಸರಬರಾಜು ಕೇಂದ್ರದಲ್ಲಿ ಮೂವತ್ತು ವರ್ಷದಿಂದ ಮೆಕ್ಯಾನಿಕ್ ಆಗಿರುವವರಿಗೆ ಅಷ್ಟು ಗೊತ್ತಿದ್ದರೆ ಸಾಕು ಅಂತ ನಾನೂ ಸುಮ್ಮನಿದ್ದೆ. ಅದೇ ವಿದ್ಯೆಯನ್ನು ತಮ್ಮ ಎದೆಯ ಮೇಲೂ ತೋರಿಸುತ್ತಾರೆ ಅಂತ ನನಗೇನು ಕನಸು ಬಿದ್ದಿತ್ತೇ?

ಅವರ ಹೃದಯದ ಒಂದು ವಾಲ್ವು ಸೋರುತ್ತಿತ್ತು. ಎದೆ ಸೀಳಿ ರಿಪೇರಿ ಮಾಡಿದರು. ಐದನೇ ವಾರ ಸ್ಕ್ಯಾನ್ ಮಾಡಿದಾಗ, ಹೃದಯ ರಕ್ತವನ್ನು ಎಷ್ಟು ಜೋರಾಗಿ ದಬ್ಬುತ್ತದೆ ಎನ್ನುವ ನಂಬರು ನಲವತ್ತೆರಡು ಬಂತು. ಆಪರೇಷನ್‌ಗೆ ಮುಂಚೆ ಅದು ಐವತ್ತೆಂಟಿತ್ತು.

"ರಿಪೇರಿ ಮಾಡಿದ್ಮೇಲೆ ಕಮ್ಮಿ ಆಗುತ್ತಾ ಡಾಕ್ಟ್ರೇ? ನಾನು ಹಿಂಗ್ ಮಾಡಿದ್ರೆ ಮನೆಗೆ ಕಳಿಸ್ತಿದ್ರು," ಅಂದರು ಇವರು.

ಡಾಕ್ಟರಮ್ಮ ಪುಣ್ಯಾತ್ಮೆ, ಬೇಸರಪಡದೆ ಬಿಡಿಸಿ ಹೇಳಿದರು. "ಮುಂಚೆ ಅರ್ಧ ರಕ್ತ ಸುಲಭವಾಗಿ ಹಿಂದಕ್ಕೆ ಸೋರ್ತಿತ್ತು. ಅದೂ ಸೇರಿ ನಂಬರ್ ಚೆನ್ನಾಗಿ ಕಾಣ್ತಿತ್ತು. ಈಗ ಎಲ್ಲಾನೂ ಮುಂದಕ್ಕೇ ದಬ್ಬಬೇಕು. ದಣಿದಿರೋ ಹೃದಯ, ಚೇತರಿಸ್ಕೊಳ್ಳೋಕೆ ಆರು ತಿಂಗಳಾದ್ರೂ ಬೇಕು. ಮಾತ್ರೆ ತಪ್ಪಿಸ್ಬೇಡಿ, ಭಾರ ಎತ್ಬೇಡಿ."

ಇವರು ಕೋಲೆಬಸವನ ಹಾಗೆ ತಲೆಯಾಡಿಸಿದರು. ಆ ತಲೆಯಾಟವನ್ನು ಇಪ್ಪತ್ತೇಳು ವರ್ಷದಿಂದ ನೋಡಿದ್ದೇನೆ. ಒಂದು ಕಿವಿಯಲ್ಲಿ ಹೋದದ್ದು ಇನ್ನೊಂದರಲ್ಲಿ ಹೊರಗೆ.

ಮಾರನೆಯ ದಿನವೇ ಬೋಲ್ಟು ಬಂದ. ಇವರ ಜೊತೆ ಕೆಲಸ ಮಾಡುವವನು. ಕುಳ್ಳು ದೇಹ, ದಪ್ಪ ತಲೆ, ಹೆಸರು ಬಂದದ್ದೇ ಹಾಗೆ. ನಾನು ಕೊಟ್ಟ ಟೀಯನ್ನೇ ಹೀರುತ್ತ ನನ್ನ ಗಂಡನ ಹೃದಯದ ಮೇಲೆ ತೀರ್ಪು ಕೊಟ್ಟ.

"ಗುರುಗಳೇ, ವಾಲ್ವ್ ಹಾಕಿದ್ಮೇಲೆ ನಾವೇನ್ ಮಾಡ್ತೀವಿ? ಫುಲ್ ಲೋಡಲ್ಲಿ ಓಡಿಸಿ ನೋಡಲ್ವಾ? ನಿಧಾನ ನಿಧಾನ ಅಂತ ಕೂತ್ರೆ ಜಾಮ್ ಆಗುತ್ತೆ ಅಷ್ಟೇ."

"ನಾನೂ ಅದನ್ನೇ ಅನ್ಕೊಂಡೆ ಕಣೋ. ಮೇಲಿಂದ ಬಡಿತ ಕಮ್ಮಿ ಮಾಡೋ ಮಾತ್ರೆ ಬೇರೆ. ಬ್ರೇಕ್ ಒತ್ಕೊಂಡು ಗಾಡಿ ಓಡ್ಸು ಅಂದಂಗಾಯ್ತು."

ಅಬ್ಬಬ್ಬಾ, ಎಂಥಾ ವಿದ್ವಾಂಸರು! ಇಬ್ಬರದೂ ಸೇರಿಸಿದರೂ ಒಂದು ಚಮಚ ಬುದ್ಧಿ ಆಗುತ್ತಿರಲಿಲ್ಲ. "ನಿಮ್ಮ ಪಂಪು ಸುಟ್ಟುಹೋದ್ರೆ ಬಿಚ್ಚಿ ಹೊಸದು ಹಾಕ್ತೀರಿ. ಇದನ್ನ ಎಲ್ಲಿಂದ ತರ್ತೀರಿ?" ಅಂತ ಉಗಿದೆ. ಬೋಲ್ಟು ಹಲ್ಲು ಕಿರಿದ. "ಅಕ್ಕ ಯಾವಾಗ್ಲೂ ಬಿಸಿ," ಅಂತ ಹೇಳಿ ಜಾಗ ಖಾಲಿ ಮಾಡಿದ.

ಅವತ್ತಿನಿಂದ ಬೆಳಿಗ್ಗೆ ಸಂಜೆ ಮಾತ್ರೆಯನ್ನು ನಾನೇ ಕೈಗೆ ಕೊಟ್ಟೆ. ನೀರು ಕುಡಿದು, ನುಂಗಿದ ಹಾಗೆ ಮುಖ ಕಿವುಚುತ್ತಿದ್ದರು. ಹತ್ತನೇ ದಿನ ಒಗೆಯಲೆಂದು ಸ್ವೆಟರಿನ ಜೇಬು ತಡಕಿದರೆ ಅಷ್ಟೂ ಮಾತ್ರೆ ಅಲ್ಲೇ ಇವೆ! ಮೈಯೆಲ್ಲ ಉರಿದುಹೋಯಿತು. "ರೀ!" ಅಂತ ಕೂಗಿದೆ. ಹತ್ತು ನಿಮಿಷ ವಾಕಿಂಗ್ ಅಂತ ಹೋದ ಮಹಾನುಭಾವರು ಗಂಟೆಯಾದರೂ ಬಂದಿರಲಿಲ್ಲ.

ಫೋನು ಮಾಡಿದವನು ಬೋಲ್ಟು. ನೀರಿನ ಟ್ಯಾಂಕಿನ ನೂರಿಪ್ಪತ್ತು ಮೆಟ್ಟಿಲು, ಇವರ ಹೆಗಲಿಗೆ ಸ್ಪ್ಯಾನರ್ ಚೀಲ. ಇವರು ಉಸಿರು ಸಿಗದೆ ಮೇಲೆ ಕುಸಿದಾಗ ಅವನು ಕೆಳಗೆ ವಾಚು ನೋಡುತ್ತ ನಿಂತಿದ್ದನಂತೆ. "ತೊಂಬತ್ತರವರೆಗೂ ಚೆನ್ನಾಗೇ ಹತ್ತಿದ್ರು ಅಕ್ಕಾ," ಅಂತ ಗೋಳೋ ಎಂದು ಅತ್ತ. ಮೂರ್ಖ ಮುಂಡೇದು, ಅದೇನೋ ಸಾಧನೆ ಅನ್ನುವ ಹಾಗೆ.

ವಾರ್ಡಿನ ಹೊರಗೆ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಶ್ವಾಸಕೋಶದಲ್ಲಿ ನೀರು ತುಂಬಿತ್ತು, ಈಗ ಇಳಿಯುತ್ತಿದೆ. ನಂಬರು ಇಪ್ಪತ್ತಾರು.

"ಮತ್ತೆ ಮೇಲಕ್ಕೆ ಬರುತ್ತಾ?"

"ಮುಂಚಿನ ಹಾಗೆ ಆಗುತ್ತೆ ಅಂತ ನಾನು ಹೇಳಲಾರೆ ಅಮ್ಮ."

ಬಾಗಿಲಿನಿಂದ ಹಾಸಿಗೆಯವರೆಗೆ ಬೈಗುಳಗಳನ್ನೆಲ್ಲ ಜೋಡಿಸಿಕೊಂಡೇ ನಡೆದೆ. ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಮಲಗಿದ್ದವರು ಒಂದು ಕಣ್ಣು ತೆರೆದು ಕಳ್ಳನಗೆ ನಕ್ಕರು. "ಬಂದ್ಯಾ? ಹೂಂ, ಶುರು ಮಾಡು."

ಸ್ಟೂಲು ಎಳೆದು ಕೂತು, ಟವೆಲಿನಿಂದ ಅವರ ಹಣೆಯ ಬೆವರು ಒರೆಸಿದೆ.

ಅವರ ನಗು ನಿಂತಿತು. "ಯಾಕೇ? ಡಾಕ್ಟ್ರು ಏನಂದ್ರು?"

"ಏನಿಲ್ಲ. ಮಲ್ಕೊಳ್ಳಿ."

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬೈಯೇ," ಅಂದರು. "ಕೈ ಮುಗೀತೀನಿ, ಒಂದ್ಸಲ ಬೈಯೇ."